ಅಡಿಕೆ ಮಂಡಿಯ ಪಟ್ಟಿ ಯಾಕೆ ನಿಧಾನ? ಓಆರ್‌ಎಂ ಕಳಿಸುವ ಕ್ವೆರಿಗಳನ್ನು ಲಾಗ್ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿ ಅಂದುಕೊಳ್ಳಿ. ರೈತರು ಚೀಲ ತಂದು ಇಳಿಸುತ್ತಾರೆ, ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಬರಬೇಕು. ಲಾಟ್ ನಂಬರ್, ರೈತರ ಹೆಸರು, ಊರು, ಮಾಲು ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ತೂಕ ಎಷ್ಟು. ಬರೀ 50 ಸಾಲಿನ ಪಟ್ಟಿ. ಆದರೂ ತೆರೆಯಲು ನಾಲ್ಕು ಸೆಕೆಂಡ್ ಹಿಡಿಯುತ್ತದೆ. ಸುಗ್ಗಿಯಲ್ಲಿ ಕೌಂಟರ್ ಮುಂದೆ ಜನ ನಿಂತಿರುವಾಗ ನಾಲ್ಕು ಸೆಕೆಂಡ್ ಬಹಳ ಜಾಸ್ತಿ.

ಇಂಥ ಹೊತ್ತಲ್ಲಿ ಮೊದಲು ಬರುವ ಮಾತು "ನೆಟ್‌ವರ್ಕ್ ಸರಿ ಇಲ್ಲ". ಮಲೆನಾಡಿನಲ್ಲಿ ಎಷ್ಟೋ ಸಲ ಅದು ನಿಜವೂ ಹೌದು. ಎರಡನೇ ಮಾತು "ಒಂದು ಇಂಡೆಕ್ಸ್ ಹಾಕಿ". ಮೂರನೆಯದು "ದೊಡ್ಡ ಸರ್ವರ್ ತಗೊಳ್ಳಿ". ಮೂರೂ ಊಹೆ. ಮೂರನೆಯದಕ್ಕಂತೂ ತಿಂಗಳು ತಿಂಗಳು ದುಡ್ಡು ಕೊಡಬೇಕು.

ಓಆರ್‌ಎಂ ಬಳಸುವವರು ಊಹೆಗೆ ಬೀಳುವುದು ಸಹಜ. ಓಆರ್‌ಎಂ ಅಂದರೆ ನಮ್ಮ ಕೋಡನ್ನು ಡೇಟಾಬೇಸಿನ ಭಾಷೆಗೆ ಬದಲಿಸಿ ಕಳಿಸುವ ಪದರ. ನಾವು ಬರೆಯುವುದು ಪೈಥಾನ್, ಡೇಟಾಬೇಸಿಗೆ ಹೋಗುವುದು ಎಸ್‌ಕ್ಯೂಎಲ್. ಟೆಂಪ್ಲೇಟಿನಲ್ಲಿ ಲಾಟ್ ಡಾಟ್ ಫಾರ್ಮರ್ ಡಾಟ್ ನೇಮ್ ಅಂತ ಬರೆದರೆ, ನೋಡುವವರಿಗೆ ಸುಮ್ನೆ ಒಂದು ಹೆಸರು ಓದಿದ ಹಾಗೆ ಕಾಣುತ್ತದೆ. ಅದರ ಹಿಂದೆ ಒಂದು ಪೂರ್ತಿ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆ, ಓಡಿರಬಹುದು. ಅದನ್ನು ಕಣ್ಣಿಗೆ ಕಾಣಿಸುವುದೇ ಲಾಗಿಂಗ್.

ಲಾಗ್ ಅಂದರೆ ಕಂಡದ್ದೆಲ್ಲ ಫೈಲಿಗೆ ಸುರಿಯುವುದಲ್ಲ. ಅದು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಒಂದು ಪುಟಕ್ಕೆ ಎಷ್ಟು ಕ್ವೆರಿ ಹೋದವು? ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು? ನನ್ನ ಕೋಡಿನ ಯಾವ ಸಾಲಿಂದ ಹೋದವು? ಮೂರನೆಯದಕ್ಕೆ ಉತ್ತರ ಸಿಗದ ಲಾಗ್ ಓದುವುದು ದಂಡ. ಸಮಸ್ಯೆ ಇದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಉದಾಹರಣೆಗಳೆಲ್ಲ ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊ ಮತ್ತು ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಮೇಲೆ. ಕೋಡಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ. ಜ್ಯಾಂಗೊ ಸೆಟ್ಟಿಂಗ್‌ಗಳ ಹೆಸರು ದೊಡ್ಡಕ್ಷರ, ಫಂಕ್ಷನ್‌ಗಳದ್ದು ಹೆಚ್ಚಾಗಿ ಸಣ್ಣಕ್ಷರ, ಎರಡು ಪದದ ನಡುವೆ ಸಾಮಾನ್ಯವಾಗಿ ಅಂಡರ್‌ಸ್ಕೋರ್.

1. ಒಂದೇ ಕ್ವೆರಿ ನೋಡಬೇಕಾದರೆ

ಮ್ಯಾನೇಜ್ ಶೆಲ್ ತೆರೆಯಿರಿ. ಕ್ವೆರಿಸೆಟ್ (ಏನು ಬೇಕು ಅಂತ ಪೈಥಾನಿನಲ್ಲಿ ಹೇಳುವ ವಸ್ತು) ಕಟ್ಟಿ, ಅದರ ಮುಂದೆ ಡಾಟ್ ಕ್ವೆರಿ ಹಾಕಿ ಪ್ರಿಂಟ್ ಮಾಡಿ. ಎಸ್‌ಕ್ಯೂಎಲ್ ಕಾಣುತ್ತದೆ. ಡೇಟಾಬೇಸಿಗೆ ಏನೂ ಹೋಗಿರುವುದಿಲ್ಲ, ಯಾಕೆಂದರೆ ಕ್ವೆರಿಸೆಟ್ ಸೋಮಾರಿ. ಫಾರ್ ಲೂಪ್ ಹಾಕಿದಾಗಲೋ ಲಿಸ್ಟ್ ಮಾಡಿದಾಗಲೋ ಮಾತ್ರ ಓಡುತ್ತದೆ.

ಇಲ್ಲಿ ಎರಡು ಮಿತಿ ಇದೆ. ಈ ಎಸ್‌ಕ್ಯೂಎಲ್ ನಿಜವಾಗಿ ಹೋಗುವುದರ ಪಡಿಯಚ್ಚಲ್ಲ. ದಿನಾಂಕ ಮತ್ತು ಅಕ್ಷರಗಳ ಸುತ್ತ ಕೊಟೇಶನ್ ಇರುವುದಿಲ್ಲ. ಇದನ್ನೇ ಕಾಪಿ ಮಾಡಿ ಪೋಸ್ಟ್‌ಗ್ರೆಸ್‌ನ ಕಮಾಂಡ್ ಕಿಟಕಿ ಪಿಎಸ್‌ಕ್ಯೂಎಲ್‌ಗೆ ಅಂಟಿಸಿದರೆ ಎರರ್ ಬರುವುದು ಇದಕ್ಕೇ. ಇನ್ನೊಂದು, ಕೌಂಟ್, ಗೆಟ್, ಎಕ್ಸಿಸ್ಟ್ಸ್ ಇವು ಕ್ವೆರಿಸೆಟ್ ಕೊಡುವುದಿಲ್ಲ, ನೇರ ಉತ್ತರ ಕೊಡುತ್ತವೆ. ಅವುಗಳ ಮುಂದೆ ಡಾಟ್ ಕ್ವೆರಿ ಹಾಕಲು ಬರುವುದಿಲ್ಲ.

ಡೇಟಾಬೇಸ್ ಕ್ವೆರಿಯನ್ನು ಹೇಗೆ ಓಡಿಸುತ್ತದೆ ಅನ್ನುವ ಯೋಜನೆ ನೋಡಬೇಕಾದರೆ ಎಕ್ಸ್‌ಪ್ಲೇನ್ ಇದೆ, ಜ್ಯಾಂಗೊ 2.1ರಿಂದ ಬಂದದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಅನಲೈಸ್ ಟ್ರೂ ಅಂತ ಕೊಟ್ಟರೆ ಕ್ವೆರಿಯನ್ನು ನಿಜವಾಗಿ ಓಡಿಸಿ ಸಮಯ ಹೇಳುತ್ತದೆ.

2. ಶೆಲ್ಲಿನಲ್ಲೇ ಎಣಿಸುವುದು

ಡಿಬಗ್ ಸೆಟ್ಟಿಂಗ್ ಟ್ರೂ ಇದ್ದಾಗ ಜ್ಯಾಂಗೊ ಪ್ರತಿ ಕ್ವೆರಿಯನ್ನೂ ನೆನಪಿಟ್ಟುಕೊಳ್ಳುತ್ತದೆ. ಜ್ಯಾಂಗೊ ಡಾಟ್ ಡಿಬಿಯಿಂದ ಕನೆಕ್ಷನ್ ಇಂಪೋರ್ಟ್ ಮಾಡಿ, ಕನೆಕ್ಷನ್ ಡಾಟ್ ಕ್ವೆರೀಸ್ ನೋಡಿ. ಒಂದೊಂದು ಸಾಲಿನಲ್ಲೂ ಎಸ್‌ಕ್ಯೂಎಲ್ ಮತ್ತು ಟೈಮ್ ಇರುತ್ತದೆ. ಶುರು ಮಾಡುವ ಮುಂಚೆ ರಿಸೆಟ್ ಕ್ವೆರೀಸ್ ಕರೆಯಿರಿ, ಇಲ್ಲದಿದ್ದರೆ ಹಿಂದಿನ ಕೆಲಸದ ಕ್ವೆರಿಗಳೂ ಲೆಕ್ಕಕ್ಕೆ ಸೇರುತ್ತವೆ. ಈ ಪಟ್ಟಿಗೆ 9000ದ ಮಿತಿ ಇದೆ. ಅದು ದಾಟಿದರೆ ಹಳೆಯವು ಬಿದ್ದುಹೋಗುತ್ತವೆ. ದೊಡ್ಡ ಇಂಪೋರ್ಟ್ ಓಡಿಸಿ "ಒಟ್ಟು 9000 ಕ್ವೆರಿ" ಅಂತ ನಂಬಿ ಕೂರಬೇಡಿ.

ನಮ್ಮ ಪಟ್ಟಿಯ ಕೋಡನ್ನು ಹೀಗೆ ಓಡಿಸಿದರೆ 101 ಬರುತ್ತದೆ. ಲಾಟ್‌ಗಳಿಗೆ ಒಂದು, ರೈತರಿಗೆ 50, ಅಡಿಕೆಯ ಬಗೆಗೆ 50. ಅರ್ಧ ಕಥೆ ಇಲ್ಲೇ ಗೊತ್ತಾಯಿತು, ಅಲ್ವಾ?

3. ಲಾಗಿಂಗ್ ಸೆಟ್ಟಿಂಗ್

ಪುಟ ಬ್ರೌಸರಿನಲ್ಲಿ ತೆರೆದಾಗ ಏನಾಗುತ್ತದೆ ಅಂತ ನೋಡಲು ಶೆಲ್ ಸಾಲದು. ಸೆಟ್ಟಿಂಗ್ಸ್ ಫೈಲಿನಲ್ಲಿ ಲಾಗಿಂಗ್ ಅನ್ನುವ ಡಿಕ್ಷನರಿ ಬರೆಯಬೇಕು. ವರ್ಶನ್ 1. ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್ ಫಾಲ್ಸ್, ಇಲ್ಲದಿದ್ದರೆ ಜ್ಯಾಂಗೊದ ಉಳಿದ ಲಾಗ್‌ಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಹ್ಯಾಂಡ್ಲರ್ಸ್ ಒಳಗೆ ಒಂದು ಕನ್ಸೋಲ್ ಹ್ಯಾಂಡ್ಲರ್, ಕ್ಲಾಸ್ ಸ್ಟ್ರೀಮ್‌ಹ್ಯಾಂಡ್ಲರ್. ಲಾಗರ್ಸ್ ಒಳಗೆ ಜ್ಯಾಂಗೊ ಡಾಟ್ ಡಿಬಿ ಡಾಟ್ ಬ್ಯಾಕೆಂಡ್ಸ್ ಅನ್ನುವ ಹೆಸರು. ಅದಕ್ಕೆ ಲೆವೆಲ್ ಡಿಬಗ್, ಹ್ಯಾಂಡ್ಲರ್ ಕನ್ಸೋಲ್, ಪ್ರಾಪಗೇಟ್ ಫಾಲ್ಸ್. ಪ್ರಾಪಗೇಟ್ ಬಿಟ್ಟರೆ ಮೇಲಿನ ಲಾಗರ್ ಕೂಡ ಅದೇ ಸಾಲು ಬರೆದು ಪ್ರತಿ ಕ್ವೆರಿ ಎರಡೆರಡು ಸಲ ಕಾಣಬಹುದು. ಅದನ್ನು ನೋಡಿ ಕೋಡಿನಲ್ಲೇ ಎರಡು ಸಲ ಓಡುತ್ತಿದೆ ಅಂತ ಹುಡುಕಾಟ ಶುರುವಾಗುತ್ತದೆ.

ಇಷ್ಟೆಲ್ಲ ಬರೆದೂ ಒಂದು ಸಾಲೂ ಬರುತ್ತಿಲ್ಲವೇ? ಡಿಬಗ್ ಸೆಟ್ಟಿಂಗ್ ಫಾಲ್ಸ್ ಇರಬೇಕು. ವೇಗದ ಕಾರಣಕ್ಕೆ ಈ ಲಾಗರ್ ಡಿಬಗ್ ಟ್ರೂ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಲಾಗ್ ಲೆವೆಲ್ ಏನೇ ಇರಲಿ. ಟೆಸ್ಟ್ ಓಡಿಸುವಾಗಲೂ ಇದೇ ಕಥೆ. ಟೆಸ್ಟ್ ರನ್ನರ್ ತಾನೇ ಡಿಬಗ್ ಫಾಲ್ಸ್ ಮಾಡಿಕೊಳ್ಳುತ್ತದೆ. ಅಲ್ಲಿ ಎಸ್‌ಕ್ಯೂಎಲ್ ಬೇಕಾದರೆ ಟೆಸ್ಟ್ ಕಮಾಂಡಿಗೆ ಡಿಬಗ್-ಎಸ್‌ಕ್ಯೂಎಲ್ ಆಯ್ಕೆ ಕೊಡಿ. ಸೋತ ಟೆಸ್ಟ್‌ಗಳ ಕ್ವೆರಿ ಕಾಣುತ್ತವೆ.

ಇನ್ನೊಂದು ವಿಷಯ ಕನ್ನಡದಲ್ಲಿ ಡೇಟಾ ಇಡುವವರಿಗೆ. ಮಂಡಿಗಳಲ್ಲಿ, ಸೊಸೈಟಿಗಳಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್ ಕಂಪ್ಯೂಟರ್. ಅಲ್ಲಿ ಫೈಲ್ ಹ್ಯಾಂಡ್ಲರ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಪೈಥಾನ್ ಸಿಸ್ಟಮ್ಮಿನ ಹಳೆಯ ಎನ್‌ಕೋಡಿಂಗ್ ಹಿಡಿಯಬಹುದು. ಕ್ವೆರಿಯೊಳಗೆ ಕನ್ನಡ ಹೆಸರು ಬಂದ ಕೂಡಲೇ "ಲಾಗಿಂಗ್ ಎರರ್" ಅಂತ ಸ್ಕ್ರೀನ್ ತುಂಬ ಬರುತ್ತದೆ. ಆ ಸಾಲು ಮಾತ್ರ ಫೈಲಿನಲ್ಲಿ ಇರುವುದಿಲ್ಲ. ಹ್ಯಾಂಡ್ಲರ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದುಬಿಡಿ. ಜೊತೆಗೆ ಮಾಮೂಲಿ ಫೈಲ್ ಹ್ಯಾಂಡ್ಲರ್ ಬದಲು ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಹಾಕಿ. ಕ್ವೆರಿ ಲಾಗ್ ಬೆಳೆಯುವ ವೇಗಕ್ಕೆ ಚಿಕ್ಕ ಡಿಸ್ಕ್ ಬೇಗ ತುಂಬುತ್ತದೆ.

4. ಲಾಗ್ ಓದುವುದು

ಇದು ಅಸಲಿ ಕೆಲಸ. ನಮ್ಮ ಪಟ್ಟಿಯ ಲಾಗ್ ಹೀಗಿರುತ್ತದೆ, ಸ್ವಲ್ಪ ಚಿಕ್ಕದು ಮಾಡಿ ಬರೆದಿದ್ದೇನೆ:

(0.043) ಸೆಲೆಕ್ಟ್ … ಫ್ರಮ್ ಲಾಟ್ ಆರ್ಡರ್ ಬೈ ಐಡಿ ಲಿಮಿಟ್ 50
(0.040) ಸೆಲೆಕ್ಟ್ … ಫ್ರಮ್ ಫಾರ್ಮರ್ ವೇರ್ ಐಡಿ = 17
(0.041) ಸೆಲೆಕ್ಟ್ … ಫ್ರಮ್ ವೆರೈಟಿ ವೇರ್ ಐಡಿ = 2
(0.040) ಸೆಲೆಕ್ಟ್ … ಫ್ರಮ್ ಫಾರ್ಮರ್ ವೇರ್ ಐಡಿ = 23
(0.040) ಸೆಲೆಕ್ಟ್ … ಫ್ರಮ್ ವೆರೈಟಿ ವೇರ್ ಐಡಿ = 2

ಮೊದಲು ಆಕಾರ ನೋಡಿ. ಎರಡೇ ಬಗೆಯ ಕ್ವೆರಿ ಮತ್ತೆ ಮತ್ತೆ ಬರುತ್ತಿದೆ, ಕೊನೆಯ ಐಡಿ ಮಾತ್ರ ಬದಲು. ಪಟ್ಟಿಗೆ ಒಂದು ಕ್ವೆರಿ, ಅದರ ಪ್ರತಿ ಸಾಲಿಗೂ ಮತ್ತೆ ಕ್ವೆರಿ. ಇದಕ್ಕೆ ಎನ್ ಪ್ಲಸ್ ಒನ್ ಅನ್ನುತ್ತಾರೆ. ಬೆಟ್ಟೆ ಅನ್ನುವ ಎರಡಕ್ಷರ ತರಲು ವೆರೈಟಿ ಟೇಬಲ್ಲಿನ 2ನೇ ಸಾಲಿಗೆ ಪದೇ ಪದೇ ಹೋಗುತ್ತಿದೆ. ತೋಟದ ಮನೆಯಿಂದ ಪೇಟೆಗೆ ಹೋಗಿ ಉಪ್ಪು ತಂದು, ವಾಪಸ್ ಬಂದು, ಮತ್ತೆ ಬೆಲ್ಲಕ್ಕೆ ಅಂತ ಹೊರಟ ಹಾಗೆ. ಸಾಮಾನಿನ ಭಾರಕ್ಕಿಂತ ದಾರಿಯೇ ಜಾಸ್ತಿ.

ಈಗ ಆವರಣದೊಳಗಿನ ಸಮಯ ನೋಡಿ. ಎಲ್ಲ ಕ್ವೆರಿಯೂ 0.040 ಆಸುಪಾಸು. ದೊಡ್ಡ ಲಾಟ್ ಟೇಬಲ್ಲಿಗೂ ಅಷ್ಟೇ, ನಾಲ್ಕೇ ಸಾಲಿರುವ ವೆರೈಟಿ ಟೇಬಲ್ಲಿಗೂ ಅಷ್ಟೇ. ಇದು ಅನುಮಾನ ಹುಟ್ಟಿಸಬೇಕಾದ ಸಂಗತಿ. ನಾಲ್ಕು ಸಾಲಿನ ಟೇಬಲ್ಲಿನಲ್ಲಿ ಹುಡುಕಲು 40 ಮಿಲಿಸೆಕೆಂಡ್ ಬೇಡ.

ಜ್ಯಾಂಗೊ ಅಳೆಯುವುದು ತನ್ನ ಕಡೆಯಿಂದ. ಕ್ವೆರಿ ಕಳಿಸಿದ ಕ್ಷಣದಿಂದ ಉತ್ತರ ಬರುವ ತನಕ. ದಾರಿಯ ಸಮಯ ಅದರಲ್ಲಿ ಸೇರಿದೆ. ಈ ಮಂಡಿಯಲ್ಲಿ ಆಪ್ ಓಡುವುದು ಕೌಂಟರ್ ಪಕ್ಕದ ಕಂಪ್ಯೂಟರಿನಲ್ಲಿ, ಡೇಟಾಬೇಸ್ ಇರುವುದು ಮುಂಬೈನ ಕ್ಲೌಡಿನಲ್ಲಿ ಅಂತಿಟ್ಟುಕೊಳ್ಳಿ. ಹೋಗಿ ಬರಲು 40 ಮಿಲಿಸೆಕೆಂಡ್. 101 ಸಲ ಹೋಗಿ ಬಂದರೆ ನಾಲ್ಕು ಸೆಕೆಂಡ್ ಆಯಿತು. ಅದೇ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ತನ್ನ ಲಾಗಿನಲ್ಲಿ ಬರೆದರೆ ಒಂದು ಮಿಲಿಸೆಕೆಂಡಿಗೂ ಕಡಿಮೆ ತೋರಿಸುತ್ತದೆ. ಎರಡು ಕಡೆಯ ಲಾಗ್ ಪಕ್ಕಪಕ್ಕ ಇಟ್ಟಾಗ ಉಳಿಯುವ ವ್ಯತ್ಯಾಸವೇ ದಾರಿ. ಇಲ್ಲಿ ಇಂಡೆಕ್ಸ್ ಹಾಕಿ ಏನೂ ಪ್ರಯೋಜನ ಇಲ್ಲ. ದೊಡ್ಡ ಸರ್ವರ್ ತಗೊಂಡರೂ ಅಷ್ಟೇ. "ನೆಟ್‌ವರ್ಕ್ ಸರಿ ಇಲ್ಲ" ಅಂದವರು ಅರ್ಧ ಸರಿ. ನೆಟ್‌ವರ್ಕ್ ದೂರದ್ದು, ಅದನ್ನು 101 ಸಲ ಬಳಸುತ್ತಿರುವುದು ನಮ್ಮ ಕೋಡ್.

ಮದ್ದು ಚಿಕ್ಕದು. ಕ್ವೆರಿಸೆಟ್ಟಿಗೆ ಸೆಲೆಕ್ಟ್ ರಿಲೇಟೆಡ್ ಹಾಕಿ ಫಾರ್ಮರ್, ವೆರೈಟಿ ಎರಡನ್ನೂ ಹೆಸರಿಸಿ. ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ಎಲ್ಲ ಬರುತ್ತದೆ. ಒಂದು ಲಾಟ್‌ಗೆ ಹಲವು ಪಾವತಿಗಳಿದ್ದರೆ ಅದಕ್ಕೆ ಪ್ರಿಫೆಚ್ ರಿಲೇಟೆಡ್. ಅದು ಇನ್ನೊಂದು ಕ್ವೆರಿ ಕಳಿಸಿ 50 ಲಾಟ್‌ಗಳ ಪಾವತಿಯನ್ನು ಒಟ್ಟಿಗೆ ತರುತ್ತದೆ. ಲಾಗಿನಲ್ಲಿ ಇನ್ ಅಂತ ಬರೆದು ಮುಂದೆ ಐಡಿಗಳ ಸಾಲು ಕಂಡರೆ ಪ್ರಿಫೆಚ್ ಕೆಲಸ ಮಾಡಿದೆ ಅಂತ ಅರ್ಥ.

ಆದರೆ ಪ್ರಿಫೆಚ್ ಮಾಡಿದ ಮೇಲೆ ಲೂಪಿನೊಳಗೆ ಪಾವತಿಗಳ ಮೇಲೆ ಮತ್ತೆ ಫಿಲ್ಟರ್ ಹಾಕಿದರೆ ತಂದದ್ದೆಲ್ಲ ವ್ಯರ್ಥ. ಫಿಲ್ಟರ್ ಹೊಸ ಕ್ವೆರಿ. ಇನ್ ಸಾಲೂ ಕಾಣುತ್ತದೆ, ಕೆಳಗೆ ಮತ್ತೆ 50 ಕ್ವೆರಿಯೂ ಕಾಣುತ್ತದೆ. ಕೋಡ್ ರಿವ್ಯೂನಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. ಪ್ರಿಫೆಚ್ ಅನ್ನುವ ಪದ ಕಂಡ ತಕ್ಷಣ ಎಲ್ಲರಿಗೂ ಸಮಾಧಾನ ಆಗಿಬಿಡುತ್ತದೆ. ಲಾಗ್ ನೋಡಿದರೆ ಮಾತ್ರ ಗೊತ್ತಾಗುತ್ತದೆ.

5. ಕನ್ನಡ ಹೆಸರು ಹುಡುಕುವಾಗ ಲಾಗ್ ಹೇಳುವ ಎರಡು ಗುಟ್ಟು

ರೈತರ ಹೆಸರು ಹುಡುಕುವ ಪೆಟ್ಟಿಗೆಗೆ ಬಹಳ ಜನ ಕಣ್ಣು ಮುಚ್ಚಿ ಐಕಂಟೇನ್ಸ್ ಹಾಕುತ್ತಾರೆ. ದೊಡ್ಡಕ್ಷರ ಸಣ್ಣಕ್ಷರ ನೋಡದೆ, ಹೆಸರಿನ ಎಲ್ಲೇ ಇದ್ದರೂ ಪದ ಹುಡುಕುವ ವಿಧಾನ ಅದು. ಪೋಸ್ಟ್‌ಗ್ರೆಸ್ ಮೇಲೆ ಲಾಗ್ ತೆಗೆದು ನೋಡಿ. ಹೆಸರಿನ ಕಾಲಂ ಸುತ್ತ ಅಪ್ಪರ್ ಅಂತ ಇರುತ್ತದೆ, ಹುಡುಕುವ ಪದದ ಸುತ್ತಲೂ ಅಪ್ಪರ್ ಇರುತ್ತದೆ. ದೊಡ್ಡಕ್ಷರ ಸಣ್ಣಕ್ಷರದ ಭೇದ ಇಂಗ್ಲಿಷಿನದು. ಕನ್ನಡಕ್ಕೆ ಆ ಗೊಡವೆಯೇ ಇಲ್ಲ. ಪ್ರತಿ ಸಾಲಿಗೂ ಸುಮ್ನೆ ಒಂದು ಫಂಕ್ಷನ್ ಓಡುತ್ತಿದೆ. ಪದದ ಹಿಂದೆ ಮುಂದೆ ಶೇಕಡಾ ಚಿಹ್ನೆಯೂ ಇರುತ್ತದೆ. ಶುರುವಿನಲ್ಲೇ ಆ ಚಿಹ್ನೆ ಇದ್ದರೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಕೌಂಟರಿನವರು ಹೆಸರಿನ ಮೊದಲ ಅಕ್ಷರಗಳನ್ನೇ ಟೈಪ್ ಮಾಡುವುದಾದರೆ ಸ್ಟಾರ್ಟ್ಸ್‌ವಿತ್ ಸಾಕು. ಕ್ಯಾರ್‌ಫೀಲ್ಡಿಗೆ ಡಿಬಿ ಇಂಡೆಕ್ಸ್ ಟ್ರೂ ಕೊಟ್ಟಿದ್ದರೆ, ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಲೈಕ್ ಹುಡುಕಾಟಕ್ಕೆ ಬೇಕಾದ ಇಂಡೆಕ್ಸನ್ನೂ ಜ್ಯಾಂಗೊ ಜೊತೆಗೇ ಮಾಡಿರುತ್ತದೆ.

ಎರಡನೆಯದು ಇನ್ನೂ ತಲೆ ಕೆಡಿಸುವಂಥದ್ದು. ಸುರೇಶ್ ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಟೇಬಲ್ ತೆರೆದರೆ ಸುರೇಶ್ ಅಂತ ಸ್ಪಷ್ಟವಾಗಿ ಇದೆ. ಲಾಗಿನಲ್ಲಿ ಕ್ವೆರಿಯೂ ಸರಿಯಾಗೇ ಕಾಣುತ್ತದೆ. ಎರಡೂ ಒಂದೇ ತರ. ಆದರೆ ಒಂದರ ಕೊನೆಯಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇದೆ. ಜೀರೊ ವಿಡ್ತ್ ನಾನ್ ಜಾಯ್ನರ್, ಯುನಿಕೋಡ್ ಸಂಖ್ಯೆ 200ಸಿ. ಕೆಲವು ಟೈಪಿಂಗ್ ತಂತ್ರಾಂಶ, ಫಾಂಟ್ ಪರಿವರ್ತಕಗಳಿಂದ ಅದು ಪದದ ಕೊನೆಗೆ ಅಂಟಿಕೊಂಡು ಬರುತ್ತದೆ. ಡೇಟಾಬೇಸಿಗೆ ಎರಡೂ ಬೇರೆ ಬೇರೆ ಹೆಸರು.

ಹಿಡಿಯುವುದು ಹೀಗೆ. ಪ್ಯಾರಾಮೀಟರ್‌ಗಳನ್ನು ಲಾಗ್ ಮಾಡುವಾಗ ಪೈಥಾನಿನ ಆಸ್ಕಿ ಫಂಕ್ಷನ್ ಮೂಲಕ ದಾಟಿಸಿ. ಪ್ರತಿ ಅಕ್ಷರವೂ ಸಂಖ್ಯೆಯಾಗಿ ಕಾಣುತ್ತದೆ, 200ಸಿ ಇದ್ದರೆ ಎದ್ದು ಕಾಣುತ್ತದೆ. ಟೇಬಲ್ಲಿನಿಂದ ತಂದ ಹೆಸರನ್ನೂ ಹಾಗೇ ನೋಡಿ. ಯುನಿಕೋಡ್ ನಾರ್ಮಲೈಸ್ ಮಾಡಿದರೆ ಇದು ಹೋಗುವುದಿಲ್ಲ. ಹಾಗಂತ ಎಲ್ಲ ಕಡೆಯಿಂದ ಕಿತ್ತು ಹಾಕಲೂಬೇಡಿ. ರಾಜ್‌ಕುಮಾರ್ ಅಂತ ಬರೆಯುವಾಗ ನಡುವೆ ಅದು ಬೇಕೇ ಬೇಕು, ಇಲ್ಲದಿದ್ದರೆ ಒತ್ತಕ್ಷರ ಆಗಿಬಿಡುತ್ತದೆ. ಸೇವ್ ಮಾಡುವಾಗಲೂ ಹುಡುಕುವಾಗಲೂ ಪದದ ಕೊನೆಯದನ್ನು ಮಾತ್ರ ತೆಗೆಯಿರಿ.

6. ಯಾವ ಸಾಲಿಂದ ಬಂತು?

ಜ್ಯಾಂಗೊದ ಸ್ವಂತ ಲಾಗ್ ಎಷ್ಟು ಕ್ವೆರಿ, ಎಷ್ಟು ಹೊತ್ತು ಅಂತ ಹೇಳುತ್ತದೆ. ಎಲ್ಲಿಂದ ಅಂತ ಹೇಳುವುದಿಲ್ಲ. ಸ್ವಂತ ಕಂಪ್ಯೂಟರಿನಲ್ಲಾದರೆ ಜ್ಯಾಂಗೊ ಡಿಬಗ್ ಟೂಲ್‌ಬಾರ್ ಹಾಕಿಕೊಳ್ಳಿ. ಪುಟದ ಪಕ್ಕದಲ್ಲೇ ಎಸ್‌ಕ್ಯೂಎಲ್ ಪಟ್ಟಿ, ಪುನರಾವರ್ತನೆ, ಕೋಡಿನ ಸಾಲು ಎಲ್ಲ ತೋರಿಸುತ್ತದೆ. ಕಾಣಿಸದಿದ್ದರೆ ಇಂಟರ್ನಲ್ ಐಪಿಸ್ ಸೆಟ್ಟಿಂಗ್ ನೋಡಿ.

ಜೆಸನ್ ಕೊಡುವ ಎಪಿಐಗೆ, ಹಿನ್ನೆಲೆಯಲ್ಲಿ ಓಡುವ ಕೆಲಸಕ್ಕೆ ಅದು ಅಷ್ಟು ಒದಗುವುದಿಲ್ಲ. ಅಲ್ಲಿ ನನಗೆ ಇಷ್ಟವಾದ ದಾರಿ, ಪ್ರತಿ ಕ್ವೆರಿಯನ್ನೂ ನಮ್ಮದೇ ಫಂಕ್ಷನ್ ಮೂಲಕ ದಾಟಿಸುವ ಎಕ್ಸಿಕ್ಯೂಟ್ ರ‍್ಯಾಪರ್. ಜ್ಯಾಂಗೊ 2.0ರಿಂದ ಇದೆ. ಡಿಬಗ್ ಫಾಲ್ಸ್ ಇದ್ದರೂ ಕೆಲಸ ಮಾಡುತ್ತದೆ, ಅದೇ ಇದರ ದೊಡ್ಡ ಗುಣ.

ಬರೆಯುವ ಕ್ರಮ ಇದು. ಒಂದು ಫಂಕ್ಷನ್ ಬರೆಯಿರಿ. ಅದಕ್ಕೆ ಐದು ಆರ್ಗ್ಯುಮೆಂಟ್ ಬರುತ್ತವೆ: ಎಕ್ಸಿಕ್ಯೂಟ್, ಎಸ್‌ಕ್ಯೂಎಲ್, ಪ್ಯಾರಮ್ಸ್, ಮೆನಿ, ಕಾಂಟೆಕ್ಸ್ಟ್. ಶುರುವಿನಲ್ಲಿ ಟೈಮ್ ಮಾಡ್ಯೂಲಿನ ಪರ್ಫ್ ಕೌಂಟರ್ ಓದಿಟ್ಟುಕೊಳ್ಳಿ. ಆಮೇಲೆ ಟ್ರೈ ಒಳಗೆ ಎಕ್ಸಿಕ್ಯೂಟನ್ನು ಉಳಿದ ನಾಲ್ಕರ ಜೊತೆ ಕರೆದು, ಬಂದದ್ದನ್ನು ಹಾಗೇ ರಿಟರ್ನ್ ಮಾಡಿ. ಫೈನಲಿ ಒಳಗೆ ಮತ್ತೆ ಸಮಯ ಓದಿ ವ್ಯತ್ಯಾಸ ಸೇರಿಸಿಕೊಳ್ಳಿ. ಫೈನಲಿ ಯಾಕೆಂದರೆ ಎರರ್ ಆದ ಕ್ವೆರಿಯೂ ಲೆಕ್ಕಕ್ಕೆ ಬರಬೇಕು, ಎರರ್ ಮುಚ್ಚಿಯೂ ಹೋಗಬಾರದು. ಈ ಫಂಕ್ಷನ್ ಒಳಗಿಂದ ಇನ್ನೊಂದು ಕ್ವೆರಿ ಮಾತ್ರ ಓಡಿಸಬೇಡಿ, ಅದು ಮತ್ತೆ ಇಲ್ಲಿಗೇ ಬರುತ್ತದೆ.

ಇಲ್ಲಿ ಒಂದು ಅನುಕೂಲ ಇದೆ. ರ‍್ಯಾಪರ್‌ಗೆ ಬರುವ ಎಸ್‌ಕ್ಯೂಎಲ್‌ನಲ್ಲಿ ಮೌಲ್ಯಗಳು ಇನ್ನೂ ಸೇರಿರುವುದಿಲ್ಲ, ಅವುಗಳ ಜಾಗದಲ್ಲಿ ಗುರುತು ಮಾತ್ರ ಇರುತ್ತದೆ. ಐಡಿ 17 ಆಗಲಿ 23 ಆಗಲಿ, ಎಸ್‌ಕ್ಯೂಎಲ್ ಅಕ್ಷರಶಃ ಒಂದೇ. ಕೌಂಟರ್ ಡಿಕ್ಷನರಿಗೆ ಹಾಕಿದರೆ ಪುನರಾವರ್ತನೆ ತಾನಾಗೇ ಸಿಗುತ್ತದೆ. ರೆಜೆಕ್ಸ್ ಕಸರತ್ತು ಬೇಡ.

ಸಾಲು ಹುಡುಕಲು ಪೈಥಾನ್ ಸ್ಟ್ಯಾಕಿನಲ್ಲಿ ಹಿಂದಕ್ಕೆ ನಡೆಯಿರಿ. ಫೈಲಿನ ದಾರಿ ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಿಂದ ಶುರುವಾಗುವ ಮೊದಲ ಫ್ರೇಮ್ ಸಿಕ್ಕಲ್ಲಿ ನಿಲ್ಲಿ. ವರ್ಚುಯಲ್ ಎನ್ವಿರಾನ್‌ಮೆಂಟ್ ಪ್ರಾಜೆಕ್ಟ್ ಒಳಗೇ ಇದ್ದರೆ ಸೈಟ್-ಪ್ಯಾಕೇಜಸ್ ಇರುವ ದಾರಿಗಳನ್ನು ಬಿಡಿ. ಈ ಲಾಗಿಂಗ್ ಫೈಲನ್ನೂ ಬಿಡಿ. ಇಲ್ಲದಿದ್ದರೆ ಪ್ರತಿ ಕ್ವೆರಿಯೂ ನಿಮ್ಮ ಲಾಗರಿಂದಲೇ ಬಂದ ಹಾಗೆ ಕಾಣುತ್ತದೆ. ಟೆಂಪ್ಲೇಟಿನಿಂದ ಹೋದ ಕ್ವೆರಿಗೆ ಸಿಗುವುದು ವ್ಯೂನ ರೆಂಡರ್ ಸಾಲು. ಕ್ಲಾಸ್ ಬೇಸ್ಡ್ ವ್ಯೂ ಆದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಟೆಂಪ್ಲೇಟ್ ರೆಂಡರ್ ಆಗುವುದು ವ್ಯೂ ಮುಗಿದ ಮೇಲೆ. ಹಾಗಾಗಿ ಮೂಲ ಖಾಲಿ ಬಂದರೆ ಮೊದಲು ಟೆಂಪ್ಲೇಟ್ ತೆರೆದು ನೋಡಿ.

ಕೊನೆಗೆ ಒಂದು ಮಿಡಲ್‌ವೇರ್, ಅಂದರೆ ಪ್ರತಿ ರಿಕ್ವೆಸ್ಟೂ ಹಾದು ಹೋಗುವ ಕೋಡ್. ಪ್ರತಿ ರಿಕ್ವೆಸ್ಟಿಗೂ ಹೊಸ ಎಣಿಕೆ ಶುರು ಮಾಡಿ, ವಿತ್ ಕನೆಕ್ಷನ್ ಡಾಟ್ ಎಕ್ಸಿಕ್ಯೂಟ್ ರ‍್ಯಾಪರ್ ಅಂತ ಹಾಕಿ, ಅದರೊಳಗೆ ಗೆಟ್ ರೆಸ್ಪಾನ್ಸ್ ಕರೆಯಿರಿ. ಡೇಟಾಬೇಸ್ ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಕನೆಕ್ಷನ್ನಿಗೂ ಹಾಕಬೇಕು. ಮುಗಿದ ಮೇಲೆ ಒಂದೇ ಸಾಲು ಬರೆಯಿರಿ:

/ಲಾಟ್ಸ್/ ಒಟ್ಟು 101, ಸಮಯ 4.09 ಸೆ., ಅತಿ ಹೆಚ್ಚು: 50 ಸಲ ಫಾರ್ಮರ್, ವ್ಯೂಸ್ ಫೈಲ್ ಸಾಲು 88

ಅದನ್ನೂ ಎಲ್ಲ ರಿಕ್ವೆಸ್ಟಿಗೂ ಬರೆಯಬೇಡಿ. ಕ್ವೆರಿ 30 ದಾಟಿದರೆ ಅಥವಾ ಒಟ್ಟು ಅರ್ಧ ಸೆಕೆಂಡ್ ದಾಟಿದರೆ ಸಾಕು. ಈ ಗಡಿ ನನ್ನ ಅಂದಾಜು, ನಿಮ್ಮ ಪುಟಗಳಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮಿಡಲ್‌ವೇರ್ ರಿಕ್ವೆಸ್ಟಿಗೆ ಮಾತ್ರ. ರಾತ್ರಿ ಓಡುವ ಮ್ಯಾನೇಜ್‌ಮೆಂಟ್ ಕಮಾಂಡ್, ಸೆಲೆರಿ (ಹಿನ್ನೆಲೆ ಕೆಲಸ ಓಡಿಸುವ ತಂತ್ರಾಂಶ) ಕೆಲಸ ಇವುಗಳಲ್ಲಿ ಅದೇ ವಿತ್ ಸಾಲನ್ನು ಕೈಯಾರೆ ಹಾಕಬೇಕು.

7. ಓಡುತ್ತಿರುವ ಸರ್ವರಿನಲ್ಲಿ

ಪ್ರೊಡಕ್ಷನ್‌ನಲ್ಲಿ "ಹತ್ತು ನಿಮಿಷ ಡಿಬಗ್ ಟ್ರೂ ಮಾಡಿ ನೋಡೋಣ" ಅನ್ನುವವರ ಮಾತು ಕೇಳಬೇಡಿ. ಎರರ್ ಬಂದರೆ ಹೊರಗಿನವರಿಗೆ ನಿಮ್ಮ ಕೋಡ್, ಸೆಟ್ಟಿಂಗ್ ಎಲ್ಲ ಕಾಣುತ್ತದೆ. ಮೆಮೊರಿಯೂ ತಿನ್ನುತ್ತದೆ. ಮೇಲಿನ ರ‍್ಯಾಪರ್ ಇದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

ಡೇಟಾಬೇಸ್ ಕಡೆಯಿಂದಲೂ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್ ಅನ್ನುವ ಸೆಟ್ಟಿಂಗ್ ಇದೆ. ಮೊದಲಿಗೆ -1 ಇರುತ್ತದೆ, ಅಂದರೆ ಬಂದ್. 200 ಕೊಟ್ಟರೆ 200 ಮಿಲಿಸೆಕೆಂಡ್ ಮತ್ತು ಅದಕ್ಕೂ ಜಾಸ್ತಿ ಹಿಡಿದ ಕ್ವೆರಿ ಮಾತ್ರ ಬರೆಯುತ್ತದೆ. ರೀಸ್ಟಾರ್ಟ್ ಬೇಡ, ರಿಲೋಡ್ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ, ಲಾಂಗ್ ಕ್ವೆರಿ ಟೈಮ್ ಇಳಿಸಿ. ಅದು ಮೊದಲಿಗೆ 10 ಸೆಕೆಂಡ್ ಇರುತ್ತದೆ, ಹಾಗೇ ಬಿಟ್ಟರೆ ಫೈಲ್ ಖಾಲಿಯೇ ಇರಬಹುದು.

ಆದರೆ ನಮ್ಮ 101 ಕ್ವೆರಿಯ ಪುಟ ಈ ಬಲೆಗೆ ಬೀಳುವುದೇ ಇಲ್ಲ. ಅಲ್ಲಿ ಒಂದೊಂದು ಕ್ವೆರಿಯೂ ಚುರುಕು. ಅದಕ್ಕೆ ಪ್ರತಿ ಬಗೆಯ ಕ್ವೆರಿ ಎಷ್ಟು ಸಲ ಓಡಿತು ಅಂತ ಎಣಿಸುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಶನ್ ಬೇಕು. ಶೇರ್ಡ್ ಪ್ರಿಲೋಡ್ ಲೈಬ್ರರೀಸ್‌ಗೆ ಸೇರಿಸಿ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಆಮೇಲೆ ಕ್ರಿಯೇಟ್ ಎಕ್ಸ್‌ಟೆನ್ಶನ್. ಅದರ ವ್ಯೂನಲ್ಲಿ ಕಾಲ್ಸ್ ಕಾಲಂ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ ನೋಡಿ. ಐಡಿ ಹಿಡಿದು ಒಂದು ಸಾಲು ತರುವ ಚಿಕ್ಕ ಕ್ವೆರಿ ಎಲ್ಲಕ್ಕಿಂತ ಮೇಲೆ ಕೂತಿದ್ದರೆ ಎನ್ ಪ್ಲಸ್ ಒನ್ ಅಂತ ಅನುಮಾನಿಸಿ. ಒಂದೇ ಡೇಟಾಬೇಸನ್ನು ಹಲವು ಆಪ್ ಬಳಸುತ್ತಿದ್ದರೆ ಜ್ಯಾಂಗೊದ ಡೇಟಾಬೇಸಸ್ ಸೆಟ್ಟಿಂಗಿನ ಆಪ್ಶನ್ಸ್‌ನಲ್ಲಿ ಅಪ್ಲಿಕೇಶನ್ ನೇಮ್ ಕೊಡಿ. ಪೋಸ್ಟ್‌ಗ್ರೆಸ್‌ನ ಲಾಗ್ ಲೈನ್ ಪ್ರಿಫಿಕ್ಸ್‌ನಲ್ಲಿ ಅದನ್ನು ಸೇರಿಸಿದರೆ ಯಾರ ಕ್ವೆರಿ ಅಂತ ಗೊತ್ತಾಗುತ್ತದೆ.

ಲಾಗಿನಲ್ಲಿ ಯಾರ ಮಾಹಿತಿ ಬೀಳುತ್ತಿದೆ ಅಂತಲೂ ಯೋಚಿಸಬೇಕು. ರೈತರ ಫೋನ್ ನಂಬರ್, ಬ್ಯಾಂಕ್ ಖಾತೆ, ಆಧಾರ್ ಇವೆಲ್ಲ ಕ್ವೆರಿಯ ಪ್ಯಾರಾಮೀಟರ್ ಆಗಿ ಹೋಗುತ್ತವೆ. ಡೇಟಾಬೇಸಿಗೆ ಪಾಸ್‌ವರ್ಡ್ ಇಟ್ಟು, ಲಾಗ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವವರಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಶಿಸ್ತಿನ ಮಾತಾಗಿ ಉಳಿದಿಲ್ಲ. ರ‍್ಯಾಪರ್‌ನಲ್ಲಿ ಎಸ್‌ಕ್ಯೂಎಲ್ ಮಾತ್ರ ಬರೆಯಿರಿ, ಪ್ಯಾರಮ್ಸ್ ಬಿಡಿ. ಪೋಸ್ಟ್‌ಗ್ರೆಸ್ ಲಾಗಿನಲ್ಲಿ ಪ್ಯಾರಾಮೀಟರ್ ಮುಚ್ಚಲು ಲಾಗ್ ಪ್ಯಾರಾಮೀಟರ್ ಮ್ಯಾಕ್ಸ್ ಲೆಂತ್ ಅಂತ ಒಂದಿದೆ. ಆದರೆ ಜ್ಯಾಂಗೊ ಮಾಮೂಲಿಯಾಗಿ ಮೌಲ್ಯಗಳನ್ನು ತನ್ನ ಕಡೆಯಲ್ಲೇ ಎಸ್‌ಕ್ಯೂಎಲ್ ಒಳಗೆ ಸೇರಿಸಿ ಕಳಿಸುತ್ತದೆ. ಹಾಗಾಗಿ ಆ ಸೆಟ್ಟಿಂಗ್ ಇಲ್ಲಿ ಕಾಪಾಡುವುದಿಲ್ಲ. ಆ ಫೈಲ್ ಯಾರು ಓದಬಹುದು, ಎಷ್ಟು ದಿನ ಇರಬೇಕು ಅಂತ ನೀವೇ ಬಿಗಿ ಮಾಡಬೇಕು.

8. ಬೇರೆ ಓಆರ್‌ಎಂ ಬಳಸುವವರಿಗೆ

ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಕ್ರಿಯೇಟ್ ಎಂಜಿನ್‌ಗೆ ಎಕೊ ಟ್ರೂ ಕೊಟ್ಟರೆ ಕ್ವೆರಿ ಕಾಣುತ್ತವೆ. ಸ್ಥಿರವಾದ ದಾರಿ ಎಸ್‌ಕ್ಯೂಎಲ್‌ಆಲ್ಕೆಮಿ ಡಾಟ್ ಎಂಜಿನ್ ಲಾಗರ್. ಇನ್ಫೊ ಲೆವೆಲ್ ಕೊಟ್ಟರೆ ಕ್ವೆರಿ, ಡಿಬಗ್ ಕೊಟ್ಟರೆ ಬಂದ ಸಾಲುಗಳೂ ಕಾಣುತ್ತವೆ. ಎಕೊ ಮತ್ತು ಲಾಗರ್ ಎರಡನ್ನೂ ಒಟ್ಟಿಗೆ ಹಾಕಿದರೆ ಸಾಲು ಎರಡೆರಡು ಸಲ ಬರುತ್ತದೆ. ಹೈಡ್ ಪ್ಯಾರಾಮೀಟರ್ಸ್ ಟ್ರೂ ಅಂದರೆ ಮೌಲ್ಯಗಳು ಮುಚ್ಚಿಹೋಗುತ್ತವೆ. ಟೇಬಲ್‌ಗಳ ಸಂಬಂಧ ಬರೆಯುವಾಗ ಲೇಜಿ ಆಯ್ಕೆಗೆ ರೈಸ್ ಅಂತ ಕೊಡುವ ಸೌಲಭ್ಯ ನನಗೆ ಬಹಳ ಹಿಡಿಸಿತು. ಗುಟ್ಟಾಗಿ ಕ್ವೆರಿ ಹೋಗುವ ಬದಲು ಅಲ್ಲೇ ಎರರ್ ಬರುತ್ತದೆ.

ಹೈಬರ್ನೇಟ್‌ನಲ್ಲಿ ಶೋ ಎಸ್‌ಕ್ಯೂಎಲ್ ಬೇಡ, ಅದು ಲಾಗರ್ ಬಿಟ್ಟು ನೇರ ಕನ್ಸೋಲಿಗೆ ಬರೆಯುತ್ತದೆ. ಆರ್ಗ್ ಡಾಟ್ ಹೈಬರ್ನೇಟ್ ಡಾಟ್ ಎಸ್‌ಕ್ಯೂಎಲ್ ಲಾಗರನ್ನು ಡಿಬಗ್‌ಗೆ ಇಡಿ. ಪ್ಯಾರಾಮೀಟರ್ ಬೇಕಾದರೆ ಹೈಬರ್ನೇಟ್ 6ರಲ್ಲಿ ಆರ್ಗ್ ಡಾಟ್ ಹೈಬರ್ನೇಟ್ ಡಾಟ್ ಓಆರ್‌ಎಂ ಡಾಟ್ ಜೆಡಿಬಿಸಿ ಡಾಟ್ ಬೈಂಡ್ ಅನ್ನು ಟ್ರೇಸ್‌ಗೆ ಇಡಿ. 5ರಲ್ಲಿ ಈ ಲಾಗರಿನ ಹೆಸರು ಬೇರೆ ಇತ್ತು. ಹಳೆಯ ಸಲಹೆ ನೋಡಿ ಕಾಪಿ ಮಾಡಿದವರಿಗೆ ಏನೂ ಕಾಣದಿರುವುದು ಅದಕ್ಕೇ. ರೈಲ್ಸ್‌ನವರಿಗೆ ಡೆವಲಪ್‌ಮೆಂಟಿನಲ್ಲಿ ಎಲ್ಲ ತಾನಾಗೇ ಬರುತ್ತದೆ. 5.2ರಿಂದ ವರ್ಬೋಸ್ ಕ್ವೆರಿ ಲಾಗ್ಸ್ ಯಾವ ಸಾಲಿಂದ ಬಂತು ಅಂತಲೂ ಹೇಳುತ್ತದೆ.

9. ಮತ್ತೆ ಬರದಂತೆ ಟೆಸ್ಟ್

ಸೆಲೆಕ್ಟ್ ರಿಲೇಟೆಡ್ ಹಾಕಿ 101ನ್ನು ಒಂದಕ್ಕೆ ಇಳಿಸಿದಿರಿ. ಮುಂದಿನ ಸುಗ್ಗಿಗೆ ಯಾರೋ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರೂ ಬೇಕು ಅನ್ನುತ್ತಾರೆ. ಟೆಂಪ್ಲೇಟಿಗೆ ಇನ್ನೊಂದು ಡಾಟ್ ಸೇರುತ್ತದೆ, ಮತ್ತೆ 51 ಆಗುತ್ತದೆ. ಡೆವಲಪರ್ ಕಂಪ್ಯೂಟರಿನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಯಾರಿಗೂ ನಿಧಾನ ಅನ್ನಿಸುವುದಿಲ್ಲ.

ಅದಕ್ಕೆ ಅಸರ್ಟ್‌ನಮ್‌ಕ್ವೆರೀಸ್ ಇದೆ. ಟೆಸ್ಟ್‌ಕೇಸ್ ಒಳಗೆ ವಿತ್ ಸೆಲ್ಫ್ ಡಾಟ್ ಅಸರ್ಟ್‌ನಮ್‌ಕ್ವೆರೀಸ್ ಅಂತ ಬರೆದು ಸಂಖ್ಯೆ ಕೊಡಿ, ಒಳಗೆ ಪುಟ ಕರೆಯಿರಿ. ಲಾಗಿನ್ ಇದ್ದರೆ ಸೆಶನ್ ಮತ್ತು ಬಳಕೆದಾರರ ಕ್ವೆರಿಗಳೂ ಸೇರುತ್ತವೆ, ಅದನ್ನು ಎಣಿಸಿಯೇ ಸಂಖ್ಯೆ ಹಾಕಿ. ಟೆಸ್ಟ್ ಡೇಟಾದಲ್ಲಿ ಒಂದೇ ಲಾಟ್ ಇಟ್ಟರೆ ಎನ್ ಪ್ಲಸ್ ಒನ್ ಸರಿಯಾಗಿ ಎದ್ದು ಕಾಣುವುದಿಲ್ಲ. ನಾನು ಇಡುವುದು ಎರಡು ಟೆಸ್ಟ್, ಒಂದರಲ್ಲಿ 3 ಲಾಟ್, ಇನ್ನೊಂದರಲ್ಲಿ 30. ಲಾಟ್‌ಗಳ ರೈತರೂ ಬೇರೆ ಬೇರೆ ಇರಲಿ. ಎರಡಕ್ಕೂ ಒಂದೇ ಸಂಖ್ಯೆ. ಯಾರಾದರೂ ಡಾಟ್ ಸೇರಿಸಿ ಸಂಖ್ಯೆ ಏರಿದರೆ ಟೆಸ್ಟ್ ಬೀಳುತ್ತದೆ, ಓಡಿದ ಕ್ವೆರಿಗಳನ್ನೆಲ್ಲ ನಂಬರ್ ಹಾಕಿ ಕೆಳಗೆ ತೋರಿಸುತ್ತದೆ. ಯಾವ ಟೇಬಲ್ ಅಂತ ಅಲ್ಲೇ ಸಿಗುತ್ತದೆ.